ಪವರ್ ಬಿಐ ರಿಪೋರ್ಟ್‌ಗೆ ಡೆನೆಬ್: ಬಹಳ ಕಾಲ ಬಳಸಿದ ಮೇಲೆ ಅನಿಸಿದ್ದು

ಪವರ್ ಬಿಐ ಅಂದರೆ ಡೇಟಾದಿಂದ ರಿಪೋರ್ಟ್ ಮಾಡುವ ಮೈಕ್ರೋಸಾಫ್ಟ್‌ನ ಸಾಧನ. ಅದರ ಜೊತೆಗೇ ಬರುವ ಚಾರ್ಟ್‌ಗಳಲ್ಲಿ ಮುಕ್ಕಾಲು ಪಾಲು ಕೆಲಸ ಮುಗಿದುಹೋಗುತ್ತದೆ. ಉಳಿದದ್ದಕ್ಕೆ ನಾನು ಡೆನೆಬ್ ಬಳಸುತ್ತೇನೆ. ಮಾರಾಟ, ಸ್ಟಾಕ್, ಡೆಲಿವರಿ, ಯಾವ ರಿಪೋರ್ಟ್ ತೆಗೆದರೂ ಒಂದಲ್ಲ ಒಂದು ಪುಟದಲ್ಲಿ ಅದು ಇದ್ದೇ ಇರುತ್ತದೆ. ಇದನ್ನು ಎಲ್ಲರೂ ಹಾಕಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ಆದರೆ ಸಿದ್ಧ ಚಾರ್ಟ್‌ನಲ್ಲಿ ಉತ್ತರ ಸಿಗದ ಪ್ರಶ್ನೆ ನಿಮ್ಮ ಮುಂದಿದ್ದರೆ, ಇದರಷ್ಟು ಕೈಗೆ ಬರುವ ಸಾಧನ ನನಗೆ ಬೇರೆ ಸಿಕ್ಕಿಲ್ಲ.

ಡೆನೆಬ್ ಒಂದು ಕಸ್ಟಮ್ ವಿಷುಯಲ್, ಅಂದರೆ ಪವರ್ ಬಿಐಗೆ ಹೊರಗಿನಿಂದ ಸೇರಿಸಿಕೊಳ್ಳುವ ಚಾರ್ಟ್. ಉಚಿತ, ಓಪನ್ ಸೋರ್ಸ್. ಮೈಕ್ರೋಸಾಫ್ಟ್‌ನ ಆನ್‌ಲೈನ್ ಮಳಿಗೆಯಿಂದ ಸೇರಿಸಿಕೊಳ್ಳಬಹುದು. ಶುರುಮಾಡಲು ಒಂದಷ್ಟು ಟೆಂಪ್ಲೇಟ್ ಕೊಡುತ್ತದೆ, ಮುಂದಿನದ್ದು ನೀವೇ ಬರೆಯಬೇಕು. ಬರೆಯುವುದು ವೇಗಾ ಅಥವಾ ವೇಗಾ-ಲೈಟ್‌ನಲ್ಲಿ, ಎರಡೂ ಚಾರ್ಟ್ ಹೇಗಿರಬೇಕು ಅಂತ ವಿವರಿಸುವ ಭಾಷೆಗಳು. ನಾನು ಹೆಚ್ಚಾಗಿ ಬಳಸುವುದು ವೇಗಾ-ಲೈಟ್. ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ನ ಸಂಶೋಧಕರು 2016ರಲ್ಲಿ ಹೊರತಂದದ್ದು. ಪ್ರೋಗ್ರಾಮಿಂಗ್ ಅಂತ ಹೆದರಬೇಕಿಲ್ಲ. ಅದು ಜೇಸನ್ ರೂಪದ (ಹೆಸರು ಮತ್ತು ಮೌಲ್ಯದ ಜೋಡಿಗಳಾಗಿ ಬರೆದ ಪಠ್ಯ) ಒಂದು ವಿವರಣೆ ಅಷ್ಟೆ: ಯಾವ ಗುರುತು ಬೇಕು, ಅಡ್ಡಕ್ಕೆ ಯಾವ ಫೀಲ್ಡ್, ಉದ್ದಕ್ಕೆ ಯಾವ ಫೀಲ್ಡ್, ಬಣ್ಣ ಯಾವುದರ ಮೇಲೆ. ಬಾರ್ ಅಂತ ಇದ್ದ ಕಡೆ ಪಾಯಿಂಟ್ ಅಂತ ಬರೆದರೆ ಕಂಬ ಹೋಗಿ ಚುಕ್ಕೆ ಬರುತ್ತದೆ.

ಇದರ ಬೆಲೆ ನನಗೆ ಗೊತ್ತಾಗಿದ್ದು ಡೆಲಿವರಿ ರಿಪೋರ್ಟ್‌ನಲ್ಲಿ. ಆರ್ಡರ್ ಬಂದು ಎಷ್ಟು ದಿನಕ್ಕೆ ಮಾಲು ಹೊರಡುತ್ತದೆ ಎನ್ನುವುದನ್ನು ಗೋಡೌನ್‌ವಾರು ಸರಾಸರಿ ಹಾಕಿ ತೋರಿಸುತ್ತಿದ್ದೆವು. ಕಂಬಗಳೆಲ್ಲ ಹೆಚ್ಚುಕಮ್ಮಿ ಒಂದೇ ಎತ್ತರ. ಎಲ್ಲ ಚೆನ್ನಾಗಿದೆ ಅನಿಸುತ್ತಿತ್ತು, ಆದರೆ ಗ್ರಾಹಕರ ದೂರು ನಿಲ್ಲುತ್ತಿರಲಿಲ್ಲ. ಡೆನೆಬ್‌ನಲ್ಲಿ ಪ್ರತಿ ಆರ್ಡರ್‌ಗೂ ಒಂದು ಸಣ್ಣ ಗೆರೆ ಹಾಕಿದೆ, ಗೋಡೌನ್‌ಗೆ ಒಂದು ಸಾಲು. ಒಂದು ಗೋಡೌನ್‌ನ ಸಾಲಿನಲ್ಲಿ ಗೆರೆಗಳು ಎರಡು ಗುಂಪಾಗಿ ನಿಂತವು. ಒಂದು ಗುಂಪು ಬೇಗ ಹೊರಟ ಆರ್ಡರ್‌ಗಳದ್ದು, ಇನ್ನೊಂದು ತುಂಬಾ ತಡವಾದವು. ನಡುವೆ ಖಾಲಿ. ಸರಾಸರಿ ಆ ಖಾಲಿ ಜಾಗದಲ್ಲೇ ಬಿದ್ದಿತ್ತು! ಅಷ್ಟು ದಿನಕ್ಕೆ ಹೊರಟ ಆರ್ಡರ್ ಅಲ್ಲಿ ಒಂದೂ ಇರಲಿಲ್ಲ. ತಡವಾದ ಗುಂಪಿಗೆ ಬಣ್ಣ ಬದಲಿಸಿ ನೋಡಿದರೆ, ಅವೆಲ್ಲ ಬೇರೆ ಕಡೆಯಿಂದ ತರಿಸಿಕೊಂಡು ಕಳಿಸುವ ಸಾಮಾನುಗಳು. ಮೀಟಿಂಗ್‌ನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ, ಚಿತ್ರವೇ ಹೇಳಿತು. ಕಸ್ಟಮ್ ಚಾರ್ಟ್ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ತೆಗೆದು ತೋರಿಸುತ್ತೇನೆ.

ಇನ್ನೊಂದು ಜಾಗ ಟಾರ್ಗೆಟ್ ಮತ್ತು ಸಾಧನೆ. ಎಲ್ಲರೂ ಕಾರಿನ ಸ್ಪೀಡೋಮೀಟರ್ ತರಹದ ಗೇಜ್ ಕೇಳುತ್ತಾರೆ. ನೋಡಲು ಅಂದ, ಹೋಲಿಸಲು ಕಷ್ಟ. ಒಂದೇ ಅಳತೆಪಟ್ಟಿಯ ಮೇಲೆ ಇರುವ ಗುರುತುಗಳನ್ನು ಹೋಲಿಸುವುದರಲ್ಲಿ ನಮ್ಮ ಕಣ್ಣು ಚುರುಕು, ಕೋನಗಳನ್ನು ಹೋಲಿಸುವುದರಲ್ಲಿ ಅಲ್ಲ. ಸಂಖ್ಯಾಶಾಸ್ತ್ರಜ್ಞರಾದ ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ ಇದನ್ನು 1984ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಅದಕ್ಕೇ ನಾನು ಬುಲೆಟ್ ಚಾರ್ಟ್ ಹಾಕುತ್ತೇನೆ. ಡೆನೆಬ್‌ನಲ್ಲಿ ಮೂರು ಲೇಯರ್ ಸಾಕು: ಹಿಂದೆ ಹೋದ ವರ್ಷದ ದಪ್ಪ ತಿಳಿಬೂದು ಪಟ್ಟಿ, ಅದರ ಮೇಲೆ ಈ ವರ್ಷದ ಸಣ್ಣ ಗಾಢ ಪಟ್ಟಿ, ಟಾರ್ಗೆಟ್‌ಗೆ ಒಂದು ನಿಂತ ಗೆರೆ. ಗೇಜ್‌ಗಳು ಪುಟ ತುಂಬಾ ಆವರಿಸುತ್ತಿದ್ದ ಕಡೆ ಎಲ್ಲ ಬ್ರಾಂಚ್‌ಗಳೂ ಒಂದೇ ಅಂಕಣದಲ್ಲಿ ಕೂತುಬಿಡುತ್ತವೆ. ಟಾರ್ಗೆಟ್ ಮುಟ್ಟದವುಗಳಿಗೆ ಕೆಂಪು, ಮುಟ್ಟಿದವುಗಳಿಗೆ ಹಸಿರು ಅಂತ ಮಾತ್ರ ಮಾಡಬೇಡಿ. ಕೆಂಪು ಹಸಿರು ಗುರುತಿಸಲಾಗದವರು ಎಷ್ಟೋ ಜನ ಇರುತ್ತಾರೆ. ನೀಲಿ ಮತ್ತು ಕಿತ್ತಳೆ ಒಳ್ಳೆಯ ಜೋಡಿ.

ಕ್ಲಿಕ್ ಮಾಡಿದಾಗ ಬೇರೆ ಚಾರ್ಟ್‌ಗಳು ಫಿಲ್ಟರ್ ಆಗುವುದು, ಮೌಸ್ ಇಟ್ಟಾಗ ವಿವರ ತೋರಿಸುವ ಟೂಲ್‌ಟಿಪ್ ಬರುವುದು, ಇವೆಲ್ಲ ಇದರಲ್ಲೂ ಸಾಧ್ಯ. ಆದರೆ ಕ್ಲಿಕ್ಕಿನ ಫಿಲ್ಟರನ್ನು ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಬೇಕು. ಆಯ್ಕೆಯಾಗದ ಕಂಬ ಮಸುಕಾಗಬೇಕೆಂದರೆ ಅದಕ್ಕೂ ಷರತ್ತು ಬರೆಯಬೇಕು. ಇಲ್ಲಿ ಹೊಸಬರು ಸಿಕ್ಕಿಬೀಳುವ ಒಂದು ಜಾಗ ಇದೆ. ಮೊತ್ತ, ಸರಾಸರಿ ತೆಗೆಯುವ ಕೆಲಸವನ್ನು ವೇಗಾ-ಲೈಟ್ ಒಳಗೇ ಮಾಡಿದರೆ, ಕ್ಲಿಕ್ ಮಾಡಿದ ಕಂಬ ಮೂಲ ಡೇಟಾದ ಯಾವ ಸಾಲುಗಳಿಂದ ಬಂತು ಎನ್ನುವ ಕೊಂಡಿ ತಪ್ಪಿಹೋಗುತ್ತದೆ, ಫಿಲ್ಟರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಲೆಕ್ಕವೆಲ್ಲ ಡ್ಯಾಕ್ಸ್ ಮೆಷರ್‌ನಲ್ಲಿ (ಪವರ್ ಬಿಐನ ಸೂತ್ರಭಾಷೆಯಲ್ಲಿ ಬರೆದ ಲೆಕ್ಕ) ಮುಗಿಸಿ, ಡೆನೆಬ್‌ಗೆ ಚಿತ್ರ ಬಿಡಿಸುವ ಕೆಲಸ ಮಾತ್ರ ಕೊಡಿ. ಅದೇ ಸಂಖ್ಯೆ ಪಕ್ಕದ ಟೇಬಲ್‌ನಲ್ಲೂ ಇರುತ್ತದಲ್ವಾ, ಎರಡೂ ತಾಳೆಯಾಗುವುದು ಮುಖ್ಯ.

ಸಾಲುಗಳ ಮಿತಿಯೂ ಗೊತ್ತಿರಲಿ. ಸುಮ್ನೆ ಬಿಟ್ಟರೆ 10,000 ಸಾಲಿಗೆ ನಿಲ್ಲುತ್ತದೆ. ಮಿತಿ ಏರಿಸುವ ಆಯ್ಕೆ ಇದೆ, ಆದರೆ ಆಗ ಬ್ರೌಸರ್ ಭಾರವಾಗುತ್ತದೆ. ಚುಕ್ಕೆ ಜಾಸ್ತಿ ಇದ್ದಾಗ ಚಿತ್ರ ಬಿಡಿಸುವ ವಿಧಾನವಾಗಿ ಎಸ್‌ವಿಜಿ (ಪ್ರತಿ ಆಕಾರವೂ ಬೇರೆ ಬೇರೆ) ಬದಲು ಕ್ಯಾನ್ವಾಸ್ (ಎಲ್ಲ ಸೇರಿ ಒಂದೇ ಚಿತ್ರ) ಆರಿಸಿಕೊಂಡರೆ ಸ್ವಲ್ಪ ಹಗುರ.

ಪೈಥಾನ್ ಅಥವಾ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುವ ವಿಷುಯಲ್ ಸಾಕಲ್ಲ ಅಂತ ಕೆಲವರು ಕೇಳುತ್ತಾರೆ. ಸಂಖ್ಯಾಶಾಸ್ತ್ರದ ಲೆಕ್ಕ ಬೇಕಿದ್ದರೆ ಅವೇ ಸರಿ, 1,50,000 ಸಾಲಿನವರೆಗೆ ತೆಗೆದುಕೊಳ್ಳುತ್ತವೆ. ಆದರೆ ಬರುವುದು ಬರೀ ಚಿತ್ರ. ಅದರ ಮೇಲೆ ಕ್ಲಿಕ್ ಮಾಡಿ ಬೇರೆ ಚಾರ್ಟನ್ನು ಫಿಲ್ಟರ್ ಮಾಡಲಾಗದು. ಟೇಬಲ್ ಒಳಗೆ ಪುಟ್ಟ ಗೆರೆ, ಪಟ್ಟಿ ಅಷ್ಟೇ ಬೇಕಿದ್ದರೆ ಡೆನೆಬ್ ಕೂಡ ಬೇಡ. ಡ್ಯಾಕ್ಸ್ ಮೆಷರ್‌ನಲ್ಲೇ ಎಸ್‌ವಿಜಿ ಬರೆದು, ಅದರ ಡೇಟಾ ಕೆಟಗರಿಯನ್ನು ಇಮೇಜ್ ಯುಆರ್‌ಎಲ್ ಮಾಡಿದರೆ ಸಾಕು.

ಡೆನೆಬ್‌ಗೆ ಮೈಕ್ರೋಸಾಫ್ಟ್‌ನ ಸರ್ಟಿಫಿಕೇಶನ್ ಇದೆ. ಇದು ಬರೀ ಮುದ್ರೆಯಲ್ಲ. ಸರ್ಟಿಫೈ ಆಗದ ವಿಷುಯಲ್‌ಗಳು ಪವರ್‌ಪಾಯಿಂಟ್ ಎಕ್ಸ್‌ಪೋರ್ಟ್‌ನಲ್ಲಿ, ಇಮೇಲ್ ಸಬ್‌ಸ್ಕ್ರಿಪ್ಶನ್‌ನಲ್ಲಿ ಕಾಣುವುದಿಲ್ಲ. ದೊಡ್ಡವರು ರಿಪೋರ್ಟ್ ನೋಡುವುದೇ ಇಮೇಲ್‌ನಲ್ಲಿ. ಇದಕ್ಕೆ ಬದಲಾಗಿ, ಹೊರಗಿನ ಸರ್ವರ್‌ನಿಂದ ಫೋಟೋ, ನಕ್ಷೆ ತರಿಸಲು ಅದು ಬಿಡುವುದಿಲ್ಲ. ಕಂಪನಿ ಡೇಟಾ ಹೊರಗೆ ಹೋಗದಿರಲು ಅದೇ ಒಳ್ಳೆಯದು.

ಹಿಂದೆ ದುಡ್ಡು ಕೊಟ್ಟು ಕೊಂಡ ಬೇರೊಂದು ವಿಷುಯಲ್ ನಮ್ಮಲ್ಲಿತ್ತು. ಲೈಸೆನ್ಸ್ ಮುಗಿದ ಕೂಡಲೇ ಎಲ್ಲ ಪುಟಗಳ ಮೇಲೂ ವಾಟರ್‌ಮಾರ್ಕ್ ಬಂತು. ಡೆನೆಬ್‌ನಲ್ಲಿ ಆ ಭಯವಿಲ್ಲ. ಚಾರ್ಟ್ ಅಂದರೆ ನೀವು ಬರೆದ ಪಠ್ಯ. ಅದನ್ನು ಕಾಪಿ ಮಾಡಿ ಇಡಬಹುದು, ಟೆಂಪ್ಲೇಟ್ ಮಾಡಿ ಇನ್ನೊಂದು ರಿಪೋರ್ಟ್‌ಗೆ ಒಯ್ಯಬಹುದು, ಅಲ್ಲಿ ಯಾವ ಫೀಲ್ಡ್ ಹಾಕಲಿ ಅಂತ ಅದೇ ಕೇಳುತ್ತದೆ.

ಆದರೆ ತಂಡದಲ್ಲಿ ವೇಗಾ-ಲೈಟ್ ಬಲ್ಲವರು ನೀವೊಬ್ಬರೇ ಆದರೆ ಯೋಚಿಸಿ. ನೀವು ರಜೆಯಲ್ಲಿದ್ದಾಗ ಆ ಚಾರ್ಟನ್ನು ತಿದ್ದುವವರು ಯಾರು? ನಾನು ಪ್ರತಿ ಚಾರ್ಟ್‌ನ ಡಿಸ್ಕ್ರಿಪ್ಶನ್ ಸಾಲಿನಲ್ಲಿ ಅದು ಯಾವ ಪ್ರಶ್ನೆಗೆ ಉತ್ತರ, ಯಾವ ಮೆಷರ್ ಬಳಸಿದೆ ಅಂತ ಬರೆದಿಡುತ್ತೇನೆ. ಸಹೋದ್ಯೋಗಿಯೊಬ್ಬರಿಗೆ ಕಲಿಸಿಯೂ ಇದ್ದೇನೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಒಂದು ಕಾರಣಕ್ಕೆ: ಫೀಲ್ಡ್ ಹೆಸರಲ್ಲಿ ಒಂದು ಅಕ್ಷರ ತಪ್ಪಿದರೂ ಎಷ್ಟೋ ಸಲ ದೋಷ ಅಂತ ಏನೂ ಹೇಳದೆ ಖಾಲಿ ಚಾರ್ಟ್ ತೋರಿಸುತ್ತದೆ. ಹಾಗಾದಾಗ ಬರೆದದ್ದನ್ನು ಕೆದಕುತ್ತಾ ಕೂರಬೇಡಿ. ಎಡಿಟರ್ ಕೆಳಗೆ ಡೇಟಾ ನೋಡುವ ಟ್ಯಾಬ್ ಇದೆ. ಅಲ್ಲಿ ಫೀಲ್ಡ್ ಯಾವ ಹೆಸರಲ್ಲಿ ಬಂದಿದೆ ಅಂತ ಮೊದಲು ನೋಡಿ, ಅದನ್ನೇ ಹಾಗೇ ಹಾಕಿ. ಜಾಲದಲ್ಲಿ ಸಿಕ್ಕ ವೇಗಾ-ಲೈಟ್ ಉದಾಹರಣೆ ತಂದು ಅಂಟಿಸಿದ್ದರೆ, ಅದರ ಡೇಟಾ ಭಾಗ ತೆಗೆದು ಡೇಟಾಸೆಟ್ ಅಂತ ಹೆಸರು ಕೊಟ್ಟಿದ್ದೀರಾ ಅಂತಲೂ ನೋಡಿಕೊಳ್ಳಿ.