ದ್ರಾಕ್ಷಿಯೋ ಮಾವೋ? ಮನೆಯಲ್ಲಿ ಮಾಡಿ ನೋಡಿದ ಹಣ್ಣಿನ ವೋಡ್ಕಾ ಕಾಕ್‌ಟೇಲ್‌ಗಳು

ಮೊದಲೇ ಹೇಳಿಬಿಡುತ್ತೇನೆ, ಗೆದ್ದದ್ದು ನಮ್ಮ ಚಿಕ್ಕಬಳ್ಳಾಪುರದ ಕಪ್ಪು ದ್ರಾಕ್ಷಿ. ಎರಡನೇ ಸ್ಥಾನ ಗಿಣಿಮೂತಿ ಮಾವಿಗೆ. ಬಾದಾಮಿ ಮಾವು ಸೋತಿತು, ನನಗೆ ಆಶ್ಚರ್ಯವಾದದ್ದು ಅದೇ. ಕಲ್ಲಂಗಡಿಗೆ ಒಂದು ಉಪಾಯ ಬೇಕು, ಅದಿಲ್ಲದಿದ್ದರೆ ಬರೀ ನೀರು ಕುಡಿದ ಹಾಗೆ.

ಈ ಬೇಸಿಗೆಯಲ್ಲಿ ಮಾರ್ಚ್‌ನಿಂದ ಜೂನ್ ಕೊನೆವರೆಗೆ, ಬಿಡುವಿದ್ದ ಶನಿವಾರ ಸಂಜೆಗಳಲ್ಲಿ ಇವನ್ನು ಮಾಡಿ ನೋಡಿದೆ. ರುಚಿ ನೋಡಿದವರು ನಾನು, ನನ್ನ ಹೆಂಡತಿ, ಕೋಲಾರದಿಂದ ಬಂದಾಗಲೆಲ್ಲ ನನ್ನ ಬಾಮೈದ. ಹೋಲಿಕೆ ನ್ಯಾಯವಾಗಿರಲಿ ಅಂತ ಒಂದೇ ವೋಡ್ಕಾ, ಒಂದೇ ಅಳತೆ ಇಟ್ಟುಕೊಂಡೆ. ಗ್ಲಾಸಿಗೆ ವೋಡ್ಕಾ 60 ಎಂ.ಎಲ್., ಹಣ್ಣಿನ ರಸ 90, ನಿಂಬೆರಸ 15, ಸಕ್ಕರೆ ಪಾಕ 15, ಮೇಲೆ ಸ್ವಲ್ಪ ಸೋಡಾ. ಪಾಕ ಅಂದರೆ ಒಂದು ಲೋಟ ಸಕ್ಕರೆಗೆ ಒಂದು ಲೋಟ ನೀರು, ಕರಗುವವರೆಗೆ ಬಿಸಿ ಮಾಡಿದರೆ ಸಾಕು, ಎಳೆ ಪಾಕ ಬೇಡ.

ವೋಡ್ಕಾ ಬಾಟಲಿಯನ್ನು ಹಿಂದಿನ ರಾತ್ರಿಯೇ ಫ್ರೀಜರ್‌ನಲ್ಲಿ ಇಡಿ. ನಮ್ಮಲ್ಲಿ ಸಿಗುವ ಬಾಟಲಿಗಳ ಮೇಲೆ ಸಾಮಾನ್ಯವಾಗಿ 42.8% ಅಂತ ಇರುತ್ತದೆ. ಅಷ್ಟು ಆಲ್ಕೋಹಾಲ್ ಇದ್ದರೆ ಮನೆಯ ಫ್ರೀಜರ್‌ನ ಮೈನಸ್ 18 ಡಿಗ್ರಿಯಲ್ಲೂ ಅದು ಗಟ್ಟಿಯಾಗುವುದಿಲ್ಲ, ಸ್ವಲ್ಪ ಮಂದವಾಗುತ್ತದೆ ಅಷ್ಟೇ. ತಣ್ಣಗಿರುವ ವೋಡ್ಕಾ ಹಾಕಿದರೆ ಐಸ್ ಬೇಗ ಕರಗುವುದಿಲ್ಲ, ರುಚಿ ನೀರಾಗುವುದಿಲ್ಲ. ಕಾಕ್‌ಟೇಲ್ ಶೇಕರ್ ನನ್ನ ಹತ್ತಿರ ಇಲ್ಲ, ಬೇಕೂ ಇಲ್ಲ. ಅಗಲ ಬಾಯಿಯ ಸ್ಟೀಲ್ ಬಾಟಲಿ, ಟೀ ಸೋಸುವ ಜರಡಿ, ಅಷ್ಟರಲ್ಲೇ ಎಲ್ಲ ಆಯಿತು. ಹದಿನೈದು ಸೆಕೆಂಡ್ ಜೋರಾಗಿ ಕುಲುಕಿ ಸೋಸಿ. ಸೋಡಾ ಮಾತ್ರ ಬಾಟಲಿಗೆ ಹಾಕಲೇಬೇಡಿ, ಕೊನೆಯಲ್ಲಿ ಗ್ಲಾಸಿಗೇ ಹಾಕಿ. ಅದೂ ಫ್ರಿಜ್‌ನಲ್ಲಿಟ್ಟ ಸೋಡಾ ಆಗಿರಲಿ, ಬೆಚ್ಚಗಿನ ಸೋಡಾದಲ್ಲಿ ಗ್ಯಾಸ್ ನಿಲ್ಲುವುದಿಲ್ಲ.

ಈಗ ದ್ರಾಕ್ಷಿ. ನಂದಿ ಬೆಟ್ಟದ ಸುತ್ತ ಚಪ್ಪರದಲ್ಲಿ ಬೆಳೆಯುವ, ಹೈವೇ ಪಕ್ಕದಲ್ಲಿ ರಾಶಿ ಹಾಕಿ ಮಾರುವ ಬೀಜದ ಕಪ್ಪು ದ್ರಾಕ್ಷಿ ಇದೆಯಲ್ಲ, ಬೆಂಗಳೂರು ಬ್ಲೂ ಅಂತಾರೆ, ಅದಕ್ಕೆ 2013ರಲ್ಲಿ ಜಿಐ ಟ್ಯಾಗ್, ಅಂದರೆ ಈ ಪ್ರದೇಶದ ವಿಶೇಷ ಬೆಳೆ ಅನ್ನುವ ಅಧಿಕೃತ ಗುರುತು ಕೂಡ ಸಿಕ್ಕಿತು. ತಿನ್ನುವಾಗ ಜನ ಇದನ್ನು ಅಷ್ಟಾಗಿ ಕೇಳುವುದಿಲ್ಲ, ಸಿಪ್ಪೆ ದಪ್ಪ, ಬೀಜ ಬೇರೆ, ಬೀಜವಿಲ್ಲದ ಹಸಿರು ದ್ರಾಕ್ಷಿಯನ್ನೇ ಕೊಂಡು ಹೋಗುತ್ತಾರೆ. ಆದರೆ ಗ್ಲಾಸಿಗೆ ಬಂದರೆ ಇದರ ಮುಂದೆ ಹಸಿರು ದ್ರಾಕ್ಷಿ ನಿಲ್ಲಲ್ಲ. ಕಾರಣ ಸರಳ. ವೋಡ್ಕಾಗೆ ತನ್ನದೇ ರುಚಿ ಅನ್ನುವುದು ಕಡಿಮೆ. ಹಾಗಾಗಿ ಘಮ, ಹುಳಿ, ಬಣ್ಣ ಎಲ್ಲವನ್ನೂ ಹಣ್ಣೇ ಕೊಡಬೇಕು. ಈ ದ್ರಾಕ್ಷಿಯಲ್ಲಿ ಮೂರೂ ಇವೆ. ನಿಂಬೆರಸ 15 ಬೇಕಾಗಲಿಲ್ಲ, ಅರ್ಧಕ್ಕೆ ಇಳಿಸಿದೆ.

ಮೊದಲ ಸಲ ಮಿಕ್ಸಿಗೆ ಹಾಕಿ ಕೆಡಿಸಿದೆ. ಬೀಜ ಒಡೆದು ರಸವೆಲ್ಲ ಕಹಿ, ಒಗರು. ಎರಡನೇ ಸಲ ಪಾತ್ರೆಗೆ ಹಾಕಿ ಕಡಗೋಲಿನಿಂದ ಮೆತ್ತಗೆ ಒತ್ತಿದೆ, ಬೀಜ ಹಾಗೇ ಉಳಿಯಿತು, ರಸ ಸಿಹಿಯಾಗಿ ಬಂತು. ಆದರೆ ಬಣ್ಣ ತೆಳು. ಬಣ್ಣ ಇರುವುದು ಸಿಪ್ಪೆಯಲ್ಲಿ, ಅದು ಬಿಡಬೇಕಲ್ಲ. ಮೂರನೇ ಸಲ ದ್ರಾಕ್ಷಿಯನ್ನು ತೊಳೆದು, ಒರೆಸಿ, ಒಂದು ರಾತ್ರಿ ಫ್ರೀಜರ್‌ನಲ್ಲಿಟ್ಟು, ಬೆಳಿಗ್ಗೆ ಕರಗಲು ಬಿಟ್ಟು ಆಮೇಲೆ ಒತ್ತಿದೆ. ಒಳಗಿನ ನೀರು ಹೆಪ್ಪುಗಟ್ಟಿದಾಗ ಹಣ್ಣು ಒಳಗಿಂದಲೇ ಒಡೆದಿರುತ್ತದೆ. ಒತ್ತಿದ ಕೂಡಲೇ ಕಡು ನೇರಳೆ ಬಣ್ಣದ ರಸ ಧಾರಾಳವಾಗಿ ಬಂತು. ನನ್ನ ಹೆಂಡತಿ ಒಂದು ಗುಟುಕು ಕುಡಿದು, "ಇದಕ್ಕೆ ಇನ್ನೇನೂ ಹಾಕಬೇಡಿ, ಹೀಗೇ ಬಿಡಿ" ಎಂದಳು. ನಾನು ಪುದೀನ ಹಾಕಲು ಹೊರಟಿದ್ದೆ, ಬಿಟ್ಟೆ. ಅವಳು ಹೇಳಿದ್ದು ಸರಿ.

ಮಾವಿನ ಮೇಲೆ ನನಗೆ ದೊಡ್ಡ ನಿರೀಕ್ಷೆ ಇತ್ತು. ಮೇ ಕೊನೆಯಲ್ಲಿ ಬಾಮೈದ ಶ್ರೀನಿವಾಸಪುರದಿಂದ ಒಂದು ಬಾಕ್ಸ್ ಬಾದಾಮಿ ತಂದಿದ್ದ. ಕೊಯ್ದರೆ ಮನೆಯೆಲ್ಲ ಘಮ. ಅಂಥ ಹಣ್ಣನ್ನು ರುಬ್ಬಿ, ವೋಡ್ಕಾ ಹಾಕಿ, ಕುಲುಕಿ ಗ್ಲಾಸಿಗೆ ಸುರಿದರೆ ಜರಡಿಯಲ್ಲಿ ಇಳಿಯಲೇ ಇಲ್ಲ, ಅಷ್ಟು ಮಂದ. ಸೋಡಾ ಹಾಕಿದೆ, ನೊರೆ ಬಂದು ಉಕ್ಕಿತು, ಆಮೇಲೆ ತಿರುಳು ಒಂದು ಕಡೆ, ಸೋಡಾ ಒಂದು ಕಡೆ. ರುಚಿಯೂ ಸಪ್ಪೆ. ಬಾದಾಮಿ ಚೆನ್ನಾಗಿ ಹಣ್ಣಾದಾಗ ಅದರಲ್ಲಿ ಹುಳಿ ತೀರಾ ಕಡಿಮೆ, ಸಿಹಿಯೇ ಜಾಸ್ತಿ. ನಿಂಬೆರಸ 30ಕ್ಕೆ ಏರಿಸಿದೆ, ಆಗ ನಿಂಬೆಯ ರುಚಿ ಬಂತು, ಮಾವಿನದು ಹೋಯಿತು. ಮೂರು ಸಲ ಬೇರೆ ಬೇರೆ ಅಳತೆಯಲ್ಲಿ ಮಾಡಿದೆ, ಒಂದೂ ದಾಹ ತಣಿಸುವ ಹಾಗೆ ಬರಲಿಲ್ಲ. ಅಷ್ಟು ಒಳ್ಳೆಯ ಹಣ್ಣನ್ನು ಹೀಗೆ ಹಾಕಿದ್ದಕ್ಕೆ ಮನಸ್ಸಿಗೆ ಬೇಜಾರಾಯಿತು. ಬಾದಾಮಿಯನ್ನು ಕೊಯ್ದು ತಿನ್ನಿ, ಸೀಕರಣೆ ಮಾಡಿ, ಗ್ಲಾಸಿಗೆ ಹಾಕಬೇಡಿ.

"ಭಾವ, ಗಿಣಿಮೂತಿ ಹಾಕಿ ನೋಡಿ, ಅರ್ಧ ಹಣ್ಣಾಗಿರೋದು" ಎಂದವನು ಬಾಮೈದನೇ. ಶಾಲೆ ಮುಂದೆ ಉಪ್ಪು ಖಾರ ಹಾಕಿ ಮಾರುತ್ತಾರಲ್ಲ, ಅದೇ ತೋತಾಪುರಿ. ಒತ್ತಿದರೆ ಸ್ವಲ್ಪವೇ ಮೆತ್ತಗಿರುವ, ಒಳಗೆ ತಿಳಿ ಹಳದಿ ಬಂದಿರುವ ಕಾಯಿ ಆರಿಸಿ. ತುರಿದು, ತೆಳು ಬಟ್ಟೆಯಲ್ಲಿ ಕಟ್ಟಿ ಹಿಂಡಿದರೆ ತಿಳಿಯಾದ ರಸ ಬರುತ್ತದೆ. ಕೈ ನೋವು ಬರುತ್ತದೆ, ಎರಡು ಗ್ಲಾಸಿಗೆ ಎರಡು ದೊಡ್ಡ ಕಾಯಿ ಬೇಕು. ನಿಂಬೆ ಬೇಡವೇ ಬೇಡ, ಪಾಕ ಮಾತ್ರ 25ಕ್ಕೆ ಏರಿಸಿ. ಗ್ಲಾಸಿನ ಅಂಚಿಗೆ ನಿಂಬೆಹೋಳು ಸವರಿ ಉಪ್ಪು, ಅಚ್ಚಖಾರದ ಪುಡಿಯಲ್ಲಿ ಒತ್ತಿ ತೆಗೆದರೆ ಮೊದಲ ಗುಟುಕಿಗೇ ಬಾಯಲ್ಲಿ ನೀರು. ಬೇಯಿಸಿದ ಕಡಲೆಕಾಯಿ ಜೊತೆಗೆ ಇದ್ದರೆ ದ್ರಾಕ್ಷಿಗಿಂತ ಇದೇ ಚೆನ್ನ ಅಂತ ಬಾಮೈದ ಈಗಲೂ ವಾದ ಮಾಡುತ್ತಾನೆ. ನನಗೆ ಘಮ ಸಾಲಲಿಲ್ಲ. ಹುಳಿ ಇದೆ, ತಂಪಿದೆ, ಆದರೆ ಗ್ಲಾಸನ್ನು ಮೂಗಿನ ಹತ್ತಿರ ತಂದಾಗ ದ್ರಾಕ್ಷಿ ಕೊಡುವ ಆ ಖುಷಿ ಇದರಲ್ಲಿ ಇಲ್ಲ.

ಕಲ್ಲಂಗಡಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ನೀರೇ, ಅದಕ್ಕೆ ಐಸ್ ಬೇರೆ ಹಾಕಿದರೆ ಇನ್ನೇನು ಉಳಿಯುತ್ತದೆ? ಉಪಾಯ ಇದು: ಬೀಜ ತೆಗೆದ ಹೋಳುಗಳನ್ನೇ ಫ್ರೀಜ್ ಮಾಡಿ ಐಸ್ ಬದಲು ಅವನ್ನೇ ಹಾಕಿ, ಒಂದು ಚಿಟಿಕೆ ಉಪ್ಪು, ನಾಲ್ಕು ಎಲೆ ಪುದೀನ. ಸೋಡಾ ಬೇಡ. ಅತಿಥಿಗಳು ಜಾಸ್ತಿ ಇದ್ದಾಗ, ಖರ್ಚು ಕಡಿಮೆ ಇರಬೇಕಾದಾಗ ಒಳ್ಳೆಯದು. ಪ್ಯಾಕೆಟ್ ಜ್ಯೂಸ್ ಕೂಡ ಒಂದು ಸಲ ಹಾಕಿದೆ. ಅದರಲ್ಲಿ ಮೊದಲೇ ಸಕ್ಕರೆ ಇರುವುದರಿಂದ ಪಾಕ ಬಿಟ್ಟೆ, ಆದರೂ ಸಿರಪ್ ಕುಡಿದ ಹಾಗಾಯಿತು.

ಒಂದು ಮಾತು ಇಲ್ಲೇ ಹೇಳಬೇಕು. ಹಣ್ಣು, ಸಕ್ಕರೆ ಸೇರಿದಾಗ ವೋಡ್ಕಾದ ಘಾಟು ಗೊತ್ತೇ ಆಗುವುದಿಲ್ಲ, ಶರಬತ್ತಿನ ಹಾಗೆ ಗಟಗಟ ಇಳಿಯುತ್ತದೆ. 60 ಎಂ.ಎಲ್. ಅಂದರೆ ಅದು ಪೂರ್ತಿ ಒಂದು ಲಾರ್ಜ್, ಅಂದರೆ ದೊಡ್ಡ ಪೆಗ್. ಅಂದಾಜಿನಲ್ಲಿ ಸುರಿಯಬೇಡಿ, ಅಳತೆಯ ಮುಚ್ಚಳ ಇಟ್ಟುಕೊಳ್ಳಿ, ಒಟ್ಟಿಗೆ ಏನಾದರೂ ತಿನ್ನಿ. ನಮ್ಮಲ್ಲಿ ಎರಡಕ್ಕೆ ನಿಲ್ಲಿಸುತ್ತೇವೆ, ಬಾಮೈದ ಅವತ್ತು ರಾತ್ರಿ ನಮ್ಮಲ್ಲೇ ಮಲಗುತ್ತಾನೆ, ಗಾಡಿ ಕೀ ನನ್ನ ಹೆಂಡತಿ ಹತ್ತಿರ ಇರುತ್ತದೆ.

ಜೂನ್ ಕೊನೆಯಲ್ಲಿ ನೇರಳೆ ಹಣ್ಣು ಬಂತು. ಬಣ್ಣ ನೋಡಿ ಇದು ದ್ರಾಕ್ಷಿಯನ್ನು ಸೋಲಿಸಬಹುದು ಅನ್ನಿಸಿತು. ಫ್ರೀಜರ್‌ನಲ್ಲಿ ಮಾರ್ಚ್‌ನ ದ್ರಾಕ್ಷಿ ಒಂದು ಡಬ್ಬಿ ಉಳಿದಿತ್ತು, ಎರಡನ್ನೂ ಒಂದೇ ಸಂಜೆ ಮಾಡಿ, ಯಾವುದು ಯಾವುದು ಅಂತ ಹೇಳದೆ ಕೊಟ್ಟೆ. ಎರಡೂ ಗ್ಲಾಸು ಒಂದೇ ಬಣ್ಣ. ನೇರಳೆಯ ಮೊದಲ ಗುಟುಕು ಚೆನ್ನಾಗಿತ್ತು, ಎರಡನೆಯದಕ್ಕೆ ನಾಲಿಗೆ ಒಗರಿನಿಂದ ಒಣಗಿದ ಹಾಗಾಯಿತು, ಉಪ್ಪು ಹಾಕಿದರೂ ಹೋಗಲಿಲ್ಲ. ಬಾಮೈದ ಇನ್ನೊಂದು ಗ್ಲಾಸನ್ನು ಮೂಸಿ ನೋಡಿಯೇ, "ಭಾವ, ಇದು ದ್ರಾಕ್ಷಿ, ಇದು ನನಗೆ" ಎಂದು ಎತ್ತಿಕೊಂಡ. ಮುಂದಿನ ಸೀಸನ್‌ಗೆ ನಾಲ್ಕು ಕೆಜಿ ಫ್ರೀಜ್ ಮಾಡಬೇಕು ಅಂತ ಹೆಂಡತಿ ಈಗಲೇ ಫ್ರೀಜರ್‌ನಲ್ಲಿ ಜಾಗ ಮಾಡುತ್ತಿದ್ದಾಳೆ.