ಶನಿವಾರದ ಬಿಡುಗಡೆ ಕೂಟ: ಹಾಡು ಚೆನ್ನಾಗಿದೆ, ಮೈಕ್ ಬೇಡ

ವಿರಾಜಪೇಟೆ ತಾಲ್ಲೂಕಿನಲ್ಲಿ ಶನಿವಾರ ಶನಿವಾರ ನಡೆಯುವ ಒಂದು ಬಿಡುಗಡೆ ಕೂಟಕ್ಕೆ, ಅಂದರೆ ದೆವ್ವ ಬಿಡಿಸುವ ಕ್ರೈಸ್ತ ಪ್ರಾರ್ಥನಾ ಕೂಟಕ್ಕೆ, ಹೋಗಬಹುದಾ ಅಂತ ತುಂಬಾ ಜನ ನನ್ನನ್ನು ಕೇಳುತ್ತಾರೆ. ನಾನು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು, ಸಭೆ ಅಂದರೆ ನಮ್ಮಲ್ಲಿ ಚರ್ಚು. ಕೂಟದ ಹೆಸರು ಬರೆಯುವುದಿಲ್ಲ. ಅಲ್ಲಿ ನಡೆದದ್ದನ್ನು ಬರೆಯುತ್ತೇನೆ.

ಇದು ನಂಬಿಕೆ ಇಲ್ಲದವಳ ದೂರು ಅಂದುಕೊಳ್ಳಬೇಡಿ. ದುರಾತ್ಮಗಳಿವೆ ಅಂತ ನಾನು ನಂಬುತ್ತೇನೆ. ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರಿಕೆಯ (ಪತ್ರದ) 6ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ ಹೇಳುವ, ದುರಾತ್ಮಗಳ ವಿರುದ್ಧದ ಹೋರಾಟ ನಿಜವಾದ ಹೋರಾಟವೇ. ನಂಬುವುದರಿಂದಲೇ ಇಷ್ಟು ಸಂಕಟ ಆಗುತ್ತಿದೆ.

ಹೋಗಿದ್ದು ನನ್ನ ತಮ್ಮನ ಮಗಳಿಗೋಸ್ಕರ. ತಾಯಿ ತೀರಿಕೊಂಡ ಮೇಲೆ ಅವಳಿಗೆ ನಿದ್ರೆಯೇ ಇಲ್ಲ. ರಾತ್ರಿ ಯಾರೋ ಹೆಸರು ಹಿಡಿದು ಕರೆಯುತ್ತಾರೆ ಅನ್ನುತ್ತಾಳೆ. ಡಾಕ್ಟರ್ ಮಾತ್ರೆ ಶುರು ಮಾಡಿದ್ದರು. "ಅತ್ತೆ, ಪ್ರಾರ್ಥನೆಯೂ ಮಾಡಿಸೋಣ" ಅಂತ ಅವಳೇ ಕೇಳಿದಳು.

ಬೆಳಗಿನ ಹೊತ್ತು ನಿಜಕ್ಕೂ ಚೆನ್ನಾಗಿತ್ತು. ಕನ್ನಡ, ತಮಿಳು, ಮಲಯಾಳಂ ಮೂರರಲ್ಲೂ ಹಾಡು. ತೋಟದ ಕೆಲಸದವರ ಸಾಲು ಮನೆಗಳಿಂದ, ಅಂದರೆ ಲೈನ್ ಮನೆಗಳಿಂದ, ಬಂದ ಹೆಂಗಸರು ಕಣ್ಣು ಮುಚ್ಚಿ, ಕೈ ಎತ್ತಿ ಹಾಡುತ್ತಿದ್ದರು. ವಾರವೆಲ್ಲ ಕಾಫಿ ಕೊಯ್ದು ಬಂದವರ ಗಂಟಲಿನಲ್ಲಿ ಅಷ್ಟು ಶಕ್ತಿ ಎಲ್ಲಿತ್ತೋ! ಯಾವ ಜಾತಿ, ಯಾವ ಸಭೆ ಅಂತ ಯಾರೂ ಕೇಳಲಿಲ್ಲ. ಮಧ್ಯಾಹ್ನ ಎಲ್ಲರಿಗೂ ಅನ್ನ ಸಾರು ಕೊಟ್ಟರು. ನಮ್ಮ ಸಭೆಗಳಲ್ಲಿ ಇಂಥವರನ್ನು ಹಿಂದಿನ ಬೆಂಚಿನಲ್ಲಿ ಕೂರಿಸುತ್ತೇವೆ, ಅಲ್ವಾ? ಅವರು ಇಲ್ಲಿಗೆ ಯಾಕೆ ಬರುತ್ತಾರೆ ಅನ್ನುವುದು ಅರ್ಥವಾಯಿತು.

ಊಟದ ಮೇಲೆ ಬಿಡುಗಡೆ ಶುರುವಾಯಿತು. ಕೂಟ ನಡೆಸುವ ಬೋಧಕರು, ಅಲ್ಲಿಯವರು ಬ್ರದರ್ ಅನ್ನುತ್ತಾರೆ, ಒಬ್ಬ ಹೆಂಗಸನ್ನು ಮುಂದೆ ಕರೆದು ತಲೆಯ ಮೇಲೆ ಕೈಯಿಟ್ಟರು. ಆಕೆ ನಡುಗಿದರು, ಕೂಗಿದರು, ನೆಲಕ್ಕೆ ಬಿದ್ದರು. ಆಗ ಬ್ರದರ್ ಆಕೆಯ ಬಾಯಿಗೆ ಮೈಕ್ ಹಿಡಿದು ಕೇಳಿದರು: "ಯಾರು ನೀನು? ನಿನ್ನನ್ನು ಕಳಿಸಿದ್ದು ಯಾರು?" ಆಕೆ ಒಂದು ಹೆಸರು ಹೇಳಿದರು. ಅದೇ ಲೈನಿನಲ್ಲಿ ಪಕ್ಕದ ಮನೆಯಲ್ಲಿರುವ ಅಜ್ಜಿಯ ಹೆಸರು! ಸ್ಪೀಕರ್ ಜೋರಾಗಿತ್ತು. ರಸ್ತೆಯವರೆಗೂ ಕೇಳಿಸಿರಬೇಕು. ಆಮೇಲೆ ಆ ಲೈನಿನಲ್ಲಿ ಅಜ್ಜಿ ಮಾಟ ಮಾಡುತ್ತಾಳೆ ಅಂತ ಸುದ್ದಿಯಾಯಿತು. ಮಕ್ಕಳನ್ನು ಅವರ ಜಗಲಿಗೆ ಬಿಡುವುದು ನಿಂತಿತು.

ನನಗೆ ಸಿಟ್ಟು ಬಂದಿದ್ದು ಇಲ್ಲೇ. ಮಾತಾಡಿದ್ದು ಸೈತಾನ ಅಂತ ನಂಬುವುದಾದರೆ ಅವನ ಮಾತನ್ನು ಸಾಕ್ಷಿ ಅಂತ ಒಪ್ಪುವುದು ಹೇಗೆ? ಅವನು ಸುಳ್ಳಿಗೆ ತಂದೆ ಅಂತ ಯೇಸುವೇ ಹೇಳಿದ್ದಾನೆ, ಯೋಹಾನ 8:44. ಕಪೆರ್ನೌಮಿನ ಸಭಾಮಂದಿರದಲ್ಲಿ ದುರಾತ್ಮ ಬಾಯಿಬಿಟ್ಟಾಗ ಯೇಸು ಮೊದಲು ಹೇಳಿದ್ದು ಸುಮ್ಮನಿರು, ಹೊರಗೆ ಬಾ ಅಂತ. "ಗೆರಸೇನರ ಸೀಮೆಯಲ್ಲಿ ದೆವ್ವ ಹಿಡಿದವನನ್ನು ಯೇಸು ಹೆಸರು ಕೇಳಲಿಲ್ವಾ?" ಅಂತ ಕೂಟದವರೊಬ್ಬರು ನನಗೆ ಹೇಳಿದರು. ಕೇಳಿದ, ನಿಜ. ದಂಡು ಅಂತ ಉತ್ತರವೂ ಬಂತು. ಆದರೆ ಯಾರು ಕಳಿಸಿದರು ಅಂತ ಅಲ್ಲೂ ಕೇಳಲಿಲ್ಲ, ಬೇರೆಲ್ಲೂ ಕೇಳಲಿಲ್ಲ. ನೆರೆಯವರ ಮೇಲೆ ಬೆರಳು ತೋರಿಸುವ ಬಿಡುಗಡೆ ನಾಲ್ಕು ಸುವಾರ್ತೆಗಳಲ್ಲಿ ಎಲ್ಲೂ ಇಲ್ಲ. ಗೆರಸೇನರ ಆ ಘಟನೆ ಇರುವ ಮಾರ್ಕ 5ನೇ ಅಧ್ಯಾಯದಲ್ಲೇ ವಾಸಿಯಾದವನು ಬಟ್ಟೆ ಉಟ್ಟು, ಸ್ವಸ್ಥ ಬುದ್ಧಿಯಿಂದ ಕೂತಿರುತ್ತಾನೆ. ಯೇಸು ಅವನನ್ನು ಅವನ ಮನೆಗೆ, ಅವನ ಜನರ ಹತ್ತಿರ ಕಳಿಸುತ್ತಾನೆ. ಇಲ್ಲಿ ಆ ಹೆಂಗಸಿನ ಸೆರಗು ಸರಿಮಾಡುವುದಕ್ಕೂ ಯಾರೂ ಬರಲಿಲ್ಲ. ನಾನೇ ಹೋದೆ.

ನಮ್ಮ ಹುಡುಗಿಗೆ ಒಬ್ಬ ಸಹಾಯಕರು ಮಾತ್ರೆ ಬಿಟ್ಟುಬಿಡು ಅಂದರು. ಮಾತ್ರೆ ತಿಂದರೆ ಅಪನಂಬಿಕೆಯಂತೆ. ಇದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಮನಸ್ಸಿನ ಕಾಯಿಲೆಯ ಮಾತ್ರೆಯನ್ನು ದಿಢೀರನೆ ನಿಲ್ಲಿಸಿದರೆ ಕಾಯಿಲೆ ಮತ್ತೆ ಜಾಸ್ತಿಯಾಗಬಹುದು. ಕೆಲವು ನಿದ್ರೆ ಮಾತ್ರೆಗಳನ್ನು ಹಾಗೆ ಬಿಟ್ಟರೆ ಫಿಟ್ಸ್ ಬರುವುದೂ ಉಂಟು. ಪೌಲ ತನ್ನ ಜೊತೆಗಾರ ಲೂಕನನ್ನು ಪ್ರಿಯ ವೈದ್ಯ ಅಂತಲೇ ಕರೆದ. ವೈದ್ಯ ಕೆಲಸ ಬಿಡು ಅನ್ನಲಿಲ್ಲ.

ಬಾಗಿಲಲ್ಲಿ ಎಣ್ಣೆ ಬಾಟಲಿ ಮಾರುತ್ತಿದ್ದರು. ಎಣ್ಣೆ ಹಚ್ಚಿ ಪ್ರಾರ್ಥಿಸುವುದು ಯಾಕೋಬನ ಪತ್ರಿಕೆಯಲ್ಲೇ ಇದೆ, ಮಾರುವುದು ಇಲ್ಲ.

ಕ್ಯಾಥೊಲಿಕ್ ಗೆಳತಿಯೊಬ್ಬಳಿಗೆ ಇದನ್ನೆಲ್ಲ ಹೇಳಿದೆ. ಅವರಲ್ಲಿ 1983ರ ಕ್ಯಾನನ್ ಕಾನೂನಿನ (ಕ್ಯಾಥೊಲಿಕ್ ಸಭೆಯ ಕಾನೂನು) 1172ನೇ ನಿಯಮದ ಪ್ರಕಾರ ಬಿಷಪ್ಪರ ಅನುಮತಿ ಇಲ್ಲದೆ ಯಾರೂ ಹಾಗೆ ದೆವ್ವ ಬಿಡಿಸುವಂತಿಲ್ಲ. ಆ ಅನುಮತಿಯೂ ಜ್ಞಾನ, ವಿವೇಕ ಇರುವ ಪಾದ್ರಿಗೆ ಮಾತ್ರ. ಮೊದಲು ಇದು ಕಾಯಿಲೆಯೋ ಅಂತ ನೋಡಬೇಕು ಅಂತ ಅವರ ಧರ್ಮೋಪದೇಶವೂ ಹೇಳುತ್ತದೆ. ನಾವು ಪ್ರೊಟೆಸ್ಟೆಂಟರು ಇಂಥ ಕಟ್ಟುಪಾಡು ಬೇಡ ಅನ್ನುತ್ತೇವೆ. ಆದರೆ ಕೇಳುವವರೇ ಇಲ್ಲದಿದ್ದರೆ ಹೀಗಾಗುತ್ತದೆ.

ಕೊನೆಗೆ ಹುಡುಗಿಯನ್ನು ನಮ್ಮ ಸಭೆಯ ಪಾದ್ರಿ ಅಯ್ಯನವರ ಮನೆಗೆ ಕರೆದುಕೊಂಡು ಹೋದೆ. ಅವರು ಮೊದಲು ಊಟ, ನಿದ್ರೆ, ಡಾಕ್ಟರ್ ಬಗ್ಗೆ ಕೇಳಿದರು. ಆಮೇಲೆ ಅವಳನ್ನೇ ಕೇಳಿದರು, "ಪ್ರಾರ್ಥನೆ ಮಾಡಲಾ ಮಗಳೇ? ಬೇಡ ಅಂದರೂ ಪರವಾಗಿಲ್ಲ." ಅಯ್ಯನವರ ಹೆಂಡತಿ ಅಮ್ಮನವರು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡರು. ಬಾಗಿಲು ತೆರೆದೇ ಇತ್ತು. ಯೇಸುವಿನ ಹೆಸರಿನಲ್ಲಿ ಭಯವನ್ನೂ ಕತ್ತಲೆಯನ್ನೂ ಗದರಿಸಿದರು, ಆದರೆ ದನಿ ಏರಿಸಲಿಲ್ಲ. ತಾಯಿಯ ವಿಷಯ ಬಂದಾಗ ಹುಡುಗಿ ಅತ್ತಳು. ಅಲ್ಲಿಯವರೆಗೆ ಅವಳು ಅತ್ತಿರಲೇ ಇಲ್ಲ. ಮುಂದಿನ ವಾರ ಇಬ್ಬರೂ ನಮ್ಮ ಮನೆಗೇ ಬಂದು ವಿಚಾರಿಸಿದರು. ಮಾತ್ರೆ ಈಗಲೂ ನಡೆಯುತ್ತಿದೆ, ಪ್ರಾರ್ಥನೆಯೂ ನಡೆಯುತ್ತಿದೆ. ನಿದ್ರೆ ಸ್ವಲ್ಪ ಸ್ವಲ್ಪ ಬರುತ್ತಿದೆ.

ಶನಿವಾರದ ಕೂಟಕ್ಕೆ ಐದರಲ್ಲಿ ಎರಡು ಕೊಡುತ್ತೇನೆ, ಎರಡೂ ಹಾಡಿಗೆ ಮತ್ತು ಊಟಕ್ಕೆ. ಹೋಗುವವರು ಊಟದವರೆಗೆ ಇದ್ದು ಬನ್ನಿ. ಮನಸ್ಸು ಸರಿಯಿಲ್ಲದವರನ್ನು ಮಧ್ಯಾಹ್ನದ ಮೇಲೆ ಅಲ್ಲಿ ಕೂರಿಸಬೇಡಿ. ಎಲ್ಲೇ ಆಗಲಿ, ದೆವ್ವ ಬಿಡಿಸುತ್ತೇವೆ ಅಂತ ಯಾರಾದರೂ ಹೊಡೆದರೆ ಅದು ನಮ್ಮ ರಾಜ್ಯದ 2017ರ ವಾಮಾಚಾರ ತಡೆ ಕಾಯ್ದೆಯ ಪ್ರಕಾರ ಅಪರಾಧ, ಸುಮ್ಮನಿರಬೇಡಿ. ರಾತ್ರಿ ಹೊತ್ತು ಯಾರಾದರೂ ತುಂಬಾ ಹೆದರಿದರೆ, ಸಾಯುವ ಮಾತಾಡಿದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ಲೈನಿನ ಕಡೆ ಹೋಗುವವರಿದ್ದರೆ ಅಜ್ಜಿಯ ಮನೆಗೂ ಹೋಗಿ, ಒಂದು ಲೋಟ ಕಾಫಿ ಕುಡಿದು ಬನ್ನಿ.