ಮೂರು ವರ್ಷ ಹಾರ್ಡ್‌ವೇರ್ ವ್ಯಾಲೆಟ್ ಬಳಸಿದ ಮೇಲೆ

2022ರ ನವೆಂಬರ್‌ನಲ್ಲಿ, ಬಿಟ್‌ಕಾಯಿನ್‌ನಂಥ ಡಿಜಿಟಲ್ ಹಣ ಕೊಂಡು ಮಾರುವ ಎಫ್‌ಟಿಎಕ್ಸ್ ಎಕ್ಸ್‌ಚೇಂಜ್ ಮುಳುಗಿತು. ಜನ ತಮ್ಮದೇ ಹಣ ತೆಗೆಯೋಕಾಗದೆ ಕೂತಿದ್ದನ್ನು ನೋಡಿ ನನಗೆ ಭಯವಾಯ್ತು. ನನ್ನ ಬಿಟ್‌ಕಾಯಿನ್ ಕೂಡ ಇನ್ನೊಂದು ಎಕ್ಸ್‌ಚೇಂಜ್‌ನಲ್ಲೇ ಇತ್ತು. ಮುಂದಿನ ತಿಂಗಳೇ ಪೆನ್‌ಡ್ರೈವ್‌ನಂಥ ಈ ಹಾರ್ಡ್‌ವೇರ್ ವ್ಯಾಲೆಟ್ ತಗೊಂಡೆ. ಎರಡು ಬಟನ್, ಬೆರಳಗಲದ ಸ್ಕ್ರೀನ್, ಅಷ್ಟೇ.

ಹೊಸಬರು ಮೊದಲು ತಿಳಿಯಬೇಕಾದ್ದು ಒಂದಿದೆ. ಇದರೊಳಗೆ ಕಾಯಿನ್ ಇರುವುದಿಲ್ಲ. ಯಾವ ವಿಳಾಸದಲ್ಲಿ (ಖಾತೆ ಸಂಖ್ಯೆಯಂಥದ್ದು) ಎಷ್ಟಿದೆ ಅನ್ನೋ ಲೆಕ್ಕ ಬ್ಲಾಕ್‌ಚೈನ್ ಅನ್ನೋ ಸಾರ್ವಜನಿಕ ಲೆಕ್ಕಪುಸ್ತಕದಲ್ಲಿದೆ. ವ್ಯಾಲೆಟ್ ಕಾಯುವುದು ಪ್ರೈವೇಟ್ ಕೀಯನ್ನು, ಅಂದರೆ ಆ ಹಣದ ಗುಟ್ಟಿನ ಸಂಖ್ಯೆಯನ್ನು ಮಾತ್ರ. ಹಣ ಕಳಿಸಬೇಕಾದರೆ ಆ ಕೀಯಿಂದ ಸಹಿ ಬೀಳಬೇಕು. ಎಕ್ಸ್‌ಚೇಂಜ್‌ನಲ್ಲಿ ಇಟ್ಟರೆ ಕೀ ಅವರ ಕೈಯಲ್ಲಿ. ಫೋನ್ ವ್ಯಾಲೆಟ್ ಆದರೆ ಇಂಟರ್ನೆಟ್‌ಗೆ ಅಂಟಿಕೊಂಡೇ ಇರುವ ಫೋನ್‌ನಲ್ಲಿ. ಇದರಲ್ಲಿ ಸಹಿ ಒಳಗೇ ಆಗುತ್ತದೆ, ಕೀ ಹೊರಗೆ ಬರುವುದಿಲ್ಲ.

ಮೊದಲ ಸಲ ಆನ್ ಮಾಡಿದಾಗ 24 ಇಂಗ್ಲಿಷ್ ಪದಗಳನ್ನು ತೋರಿಸಿತು. (ಕೆಲವು ವ್ಯಾಲೆಟ್‌ಗಳಲ್ಲಿ 12 ಇರುತ್ತವೆ.) ಎಲ್ಲ ಕೀಗಳೂ ಹುಟ್ಟುವುದು ಈ ಪದಗಳಿಂದಲೇ. ಫೋಟೋ ತೆಗೆಯದೆ ಕಾಗದದ ಮೇಲೆ ಬರೆದುಕೊಂಡೆ. ಆಮೇಲೆ ಆ ಕಾಗದದಿಂದ ಹಣ ವಾಪಸ್ ಸಿಗುತ್ತದಾ ನೋಡೋಣ ಅಂತ ಚೂರೇ ಚೂರು ಹಣ ಹಾಕಿ, ಬೇಕಂತಲೇ ಮೂರು ಸಲ ತಪ್ಪು ಪಿನ್ ಒತ್ತಿದೆ. ಎಲ್ಲಾ ಅಳಿಸಿಹೋಯ್ತು. ಕಾಗದ ನೋಡಿಕೊಂಡು ಎರಡೇ ಬಟನ್‌ನಲ್ಲಿ 24 ಪದ ಹಾಕುವುದು ತುಂಬಾ ತಾಳ್ಮೆಯ ಕೆಲಸ. ಅರ್ಧ ಗಂಟೆ ಕೂತು ಮುಗಿಸಿದರೆ, ಪದಗಳು ತಪ್ಪಿವೆ ಅಂತ ಬಂತು. ಕೈ ತಣ್ಣಗಾಯ್ತು. ಮತ್ತೆ ಮತ್ತೆ ನೋಡಿದಾಗ ಸಿಕ್ಕಿತು: 17ನೇ ಪದ ‘ವುಡ್’. ನನ್ನ ಅಕ್ಷರದಲ್ಲಿ ಕೊನೆಯ ‘ಡಿ’ಯ ಹೊಟ್ಟೆ ಕಾಣದೆ ‘ಎಲ್’ ಆಗಿತ್ತು, ನಾನು ‘ವುಲ್’ ಅಂತ ಹಾಕಿದ್ದೆ. ಈ ಪದಗಳು ಬರುವ 2048 ಪದಗಳ ಪಟ್ಟಿಯಲ್ಲಿ ಎರಡೂ ಇವೆ! ಪೂರ್ತಿ ಹಣ ಹಾಕಿದ ಮೇಲೆ ಇದು ಗೊತ್ತಾಗಿದ್ದರೆ? ಅವತ್ತೇ ಎಲ್ಲಾ ಪದಗಳನ್ನು ದೊಡ್ಡಕ್ಷರದಲ್ಲಿ ಮತ್ತೆ ಬರೆದೆ. ನೀವೂ ಈ ಪರೀಕ್ಷೆ ಮಾಡದೆ ದೊಡ್ಡ ಮೊತ್ತ ಹಾಕಬೇಡಿ.

ದಿನಬಳಕೆಗೆ ಇದು ನಿಧಾನ. ಕಳಿಸುವ ಮುನ್ನ ವಿಳಾಸವನ್ನು ಅದರ ಪುಟ್ಟ ಸ್ಕ್ರೀನ್‌ನಲ್ಲಿ ಪೂರ್ತಿ ಓದಬೇಕು. ಕಣ್ಣಿಗೆ ಕಷ್ಟ, ಆದರೂ ನಾನು ಬಿಡುವುದಿಲ್ಲ. ಕಂಪ್ಯೂಟರ್‌ನಲ್ಲಿ ಕಾಪಿ ಮಾಡಿದ ವಿಳಾಸವನ್ನು ಪೇಸ್ಟ್ ಆಗುವಷ್ಟರಲ್ಲಿ ಬದಲಿಸುವ ಮಾಲ್‌ವೇರ್‌ಗಳಿವೆ. ಒಮ್ಮೆ ಹೋದ ಬಿಟ್‌ಕಾಯಿನ್ ವಾಪಸ್ ತರಿಸೋಕೆ ಯಾವ ಕಸ್ಟಮರ್ ಕೇರ್ ಕೂಡ ಇಲ್ಲ. ‘ನಿಮ್ಮ 24 ಪದ ಹಾಕಿ ಅಪ್‌ಡೇಟ್ ಮಾಡಿ’ ಅನ್ನೋ ಮೇಲ್‌ಗಳೂ ಬರುತ್ತವೆ. ಅವೆಲ್ಲ ಕಳ್ಳರದ್ದೇ.

ಕಳೆದ ವರ್ಷ ಸ್ಕ್ರೀನ್ ಪೂರ್ತಿ ಕಪ್ಪಾಯ್ತು. ಎರಡೇ ವರ್ಷಕ್ಕೆ ಹೀಗಾಗಿದ್ದು ಬೇಜಾರೇ. ಆದರೆ ಗಾಬರಿಯಾಗಲಿಲ್ಲ, ಕಾಗದ ಇತ್ತಲ್ವಾ. ಬೇರೆ ಕಂಪನಿಯ ವ್ಯಾಲೆಟ್ ತಂದು ಅದೇ ಪದ ಹಾಕಿದೆ. ಬ್ಯಾಲೆನ್ಸ್ ಸೊನ್ನೆ ತೋರಿಸಿತು! ಸ್ವಲ್ಪ ಹುಡುಕಿದ ಮೇಲೆ ಗೊತ್ತಾಯ್ತು, ಹೊಸದು ‘3’ರಿಂದ ಶುರುವಾಗುವ ವಿಳಾಸಗಳನ್ನು ನೋಡುತ್ತಿತ್ತು, ನನ್ನವು ‘bc1’ರಿಂದ ಶುರುವಾಗುವ ಬಗೆಯವು. ಸೆಟ್ಟಿಂಗ್ ಬದಲಿಸಿದೆ. ಒಂದು ಪೈಸೆಯೂ ಕಡಿಮೆಯಾಗದೆ ಎಲ್ಲಾ ಬಂತು.